ಮೇಡಂ ಹಗ್ಗ ಬಿಟ್ಟ ದಿನ

ಮೇಡಂ ತೀರಿಕೊಂಡ ಮೇಲೆ ಬಂದ ಮೊದಲ ಭಾನುವಾರ ಹ್ಯಾಮ್ ರೇಡಿಯೋ ಬಳಗದವರು ವಿಜಯನಗರದ ದರ್ಶಿನಿಯಲ್ಲಿ ಎಂದಿನಂತೆ ಸೇರಿದ್ದರು. ಬೆಳಿಗ್ಗೆ ಅವರವರ ಮನೆಯಿಂದ ರೇಡಿಯೋದಲ್ಲಿ ಮಾತಾಡಿಕೊಂಡು, ಆಮೇಲೆ ಇಲ್ಲಿಗೆ ಬಂದು ಎದುರುಬದುರು ನಿಂತು ಇಡ್ಲಿ ತಿನ್ನುವುದು ಅವರ ಪದ್ಧತಿ. ನಾನು ಹ್ಯಾಮ್ ಅಲ್ಲ, ಡಿಗ್ರಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವವನು. ಚಂದ್ರಾ ಲೇಔಟಿನಲ್ಲಿ ಮೇಡಂ ಮನೆಯ ಮಹಡಿಯ ಬಾಡಿಗೆದಾರ. ಅವರ ಹಿಂದೆ ಹೋಗಿ ಹೋಗಿ ನನಗೂ ಅಲ್ಲಿ ಒಂದು ಲೋಟ ಕಾಫಿಯ ಹಕ್ಕು ಬಂದಿತ್ತು. ಅವತ್ತು ಒಬ್ಬರು, ಎಲ್ಲರ ಬಿಗಿದ ಮುಖ ಸಡಿಲವಾಗಲೆಂದೇ ಇರಬೇಕು, "ನಮ್ಮ ಮೇಡಂ ಕೈಗೆ ಒಂದ್ಸಲ ಸಿಕ್ಕಿದ್ದನ್ನ ಬಿಟ್ಟೋರೇ ಅಲ್ಲ ಬಿಡಿ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುವಾಗಲೇ ಲೋಟವನ್ನು ಕೆಳಗಿಟ್ಟೆ.

ಅವರು ಬಿಟ್ಟಿದ್ದನ್ನು ನಾನು ನೋಡಿದ್ದೇನೆ. ಅವರು ಬಿಟ್ಟಿದ್ದರಿಂದಲೇ ಇದನ್ನು ಬರೆಯಲು ನಾನು ಉಳಿದಿದ್ದೇನೆ.

ಈ ಮಾತನ್ನು ಅಲ್ಲಿ ಹೇಳಲಾಗಲಿಲ್ಲ. ಪಾಠ ಮಾಡುತ್ತಿರುವಾಗ ಕಿಟಕಿಯಾಚೆ ಕರೆಂಟ್ ಕಂಬ ಕಂಡರೆ ಒಂದು ಗಳಿಗೆ ಮಾತು ನಿಲ್ಲುತ್ತದೆ. ಹುಡುಗರು ನೋಟ್ಸ್ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿ ನೋಡುತ್ತಾರೆ. ಬಾಯಲ್ಲಿ ಬಾರದ್ದು ಕೈಯಲ್ಲಾದರೂ ಬರಲಿ ಎಂದು ಬರೆಯಲು ಕೂತಿದ್ದೇನೆ.

ಮೇಡಂ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಜೀವಮಾನವೆಲ್ಲ ಬೇರೆಯವರ ಮಾತನ್ನು ಒಬ್ಬರಿಂದ ಒಬ್ಬರಿಗೆ ಸೇರಿಸಿ ಸಾಕಾಗಿ, ತಾವೇ ಮಾತಾಡೋಣವೆಂದು ಪರೀಕ್ಷೆ ಬರೆದು ಹ್ಯಾಮ್ ಲೈಸೆನ್ಸ್ ತೆಗೆದುಕೊಂಡರಂತೆ. ಸರ್ಕಾರದ ಅನುಮತಿ ಪಡೆದು ಮನೆಯಲ್ಲೇ ಸ್ವಂತ ರೇಡಿಯೋ ಇಟ್ಟುಕೊಂಡು, ಎದುರುಮನೆಯವರಂತೆ ಜಗತ್ತಿನ ಯಾರೊಡನೆ ಬೇಕಾದರೂ ಹರಟೆ ಹೊಡೆಯುವ ಹವ್ಯಾಸ ಅದು. ಅದರಲ್ಲಿ ಮಾತಾಡುವುದು ಅರ್ಧ ಮಾತ್ರ. ಇನ್ನರ್ಧ ಸಾಮಾನು: ಸೆಟ್ಟು, ಮೈಕು, ಮೀಟರು, ಆಂಟೆನಾ, ಕೇಬಲ್ಲು. ಮೇಡಂಗೆ ಈ ಎರಡನೆಯ ಅರ್ಧದ ಸೆಳೆತ ಸ್ವಲ್ಪ ಜಾಸ್ತಿ. ಯಾರ ಮನೆಯಲ್ಲಿ ಯಾವ ಹಳೇ ಸೆಟ್ ಧೂಳು ಹಿಡಿದು ಕೂತಿದೆ, ಯಾರಿಗೆ ಯಾವುದರ ಮೇಲೆ ಬೇಜಾರು ಬರುತ್ತಿದೆ ಎನ್ನುವುದು, ಮದುವೆ ಮಾತುಕತೆ ನಡೆಸುವವರಿಗೆ ವಧುವರರ ಜಾತಕ ಗೊತ್ತಿರುವಂತೆ, ಅವರಿಗೆ ಗೊತ್ತಿರುತ್ತಿತ್ತು.

ಅವರ ಯಜಮಾನರು ಲೈಬ್ರರಿಯಲ್ಲಿದ್ದು ನಿವೃತ್ತರಾದವರು. ಮೃದು ಮನುಷ್ಯ, ಆದರೆ ಕಪಾಟಿನ ವಿಷಯದಲ್ಲಿ ಕಟ್ಟುನಿಟ್ಟು. ಮನೆಯ ಹಿಂದಿನ ಕೋಣೆ ರೇಡಿಯೋಗಳಿಂದ ತುಂಬಿ ಬಾಗಿಲು ಪೂರ್ತಿ ತೆರೆಯದಂತಾದಾಗ ಅವರು ಒಂದೇ ಒಂದು ಕಾನೂನು ಮಾಡಿದರು. "ಒಂದು ಒಳಗೆ ಬಂದ್ರೆ ಒಂದು ಹೊರಗೆ ಹೋಗ್ಬೇಕು ಕಣೇ. ಅಷ್ಟೇ. ಜಗಳ ಬೇಡ." ಮೇಡಂ ಆ ಕಾನೂನನ್ನು ಶಿರಸಾವಹಿಸಿ ಒಪ್ಪಿಕೊಂಡು, ಅದರ ಸಂದುಗಳಲ್ಲಿ ಬದುಕಿದರು.

ಒಂದು ಸಂಜೆ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಮೇಡಂ, ಕೈಯಲ್ಲಿ ಪ್ರೆಶರ್ ಕುಕ್ಕರಿನ ರಟ್ಟಿನ ಪೆಟ್ಟಿಗೆ.

"ಮೇಷ್ಟ್ರೇ, ಎರಡು ದಿನ ಇದು ನಿಮ್ಮನೇಲಿರ್ಲಿ."

"ಏನ್ ಮೇಡಂ ಇದು?"

"ಕುಕ್ಕರು."

"ವೈರ್ ನೇತಾಡ್ತಾ ಇದೆಯಲ್ಲ?"

"ಹೊಸ ಮಾಡೆಲ್ಲು" ಎಂದು ಅದನ್ನು ನನ್ನ ಮಂಚದ ಕೆಳಗೆ ತಾವೇ ತಳ್ಳಿ ಇಳಿದು ಹೋದರು. ಆ ವಾರದಲ್ಲೇ ಇನ್ನೊಂದು ಬಂತು. ಮೆಟ್ಟಿಲಲ್ಲಿ ಯಜಮಾನರು ಸಿಕ್ಕಿ, ಗಂಭೀರವಾಗಿ, "ಮೇಷ್ಟ್ರೇ, ನಮ್ಮ ಕುಕ್ಕರ್‌ಗಳು ಎಷ್ಟಿವೆ ಈಗ ನಿಮ್ಮನೇಲಿ?" ಎಂದು ಕೇಳಿದರು. ಸುಳ್ಳು ಹೇಳಲು ಆಗಲಿಲ್ಲ. "ಎರಡು, ಅಂಕಲ್." ಅವರು ತಲೆಯಾಡಿಸಿ, "ವಿಶಲ್ ಹೊಡೆದ್ರೆ ಹೇಳಿ" ಎಂದು ಹಾಲು ತರಲು ಹೋದರು. ಗಂಡಹೆಂಡಿರ ನಡುವೆ ಗೊತ್ತಿದ್ದೂ ಗೊತ್ತಿಲ್ಲದ ಹಾಗಿರುವ ಇಂಥ ಒಪ್ಪಂದಗಳು ಹಲವಿದ್ದವು. ನನ್ನ ಮಂಚದ ಕೆಳಗಿನ ಜಾಗ ಅವುಗಳಲ್ಲೊಂದು.

ಅದೇ ಕಾನೂನಿನಿಂದ ಮೇಡಂ ಕೊಳ್ಳುವವರಾಗಿದ್ದವರು ಅದಲುಬದಲು ಮಾಡುವವರಾದರು. ಹಣ ಹುಟ್ಟುವುದಕ್ಕೆ ಮುಂಚಿನ ವಿನಿಮಯದ ತೊಂದರೆಯನ್ನು ನಾನು ಪ್ರತಿವರ್ಷ ತರಗತಿಯಲ್ಲಿ ವಿವರಿಸುತ್ತೇನೆ. ನನ್ನಲ್ಲಿ ಅಕ್ಕಿ ಇದೆ, ಬಟ್ಟೆ ಬೇಕು. ನಿನ್ನಲ್ಲಿ ಬಟ್ಟೆ ಇದೆ, ಆದರೆ ಅಕ್ಕಿ ಬೇಡ. ವ್ಯವಹಾರ ಅಲ್ಲಿಗೆ ನಿಂತಿತು, ಅದಕ್ಕೇ ಹಣ ಬಂತು, ಎಂದು. ಮೇಡಂ ವ್ಯವಹಾರ ಮಾತ್ರ ಅಲ್ಲಿಗೆ ನಿಲ್ಲುತ್ತಿರಲಿಲ್ಲ. ಅಕ್ಕಿ ಬೇಕಾದವನು ಕೆಂಗೇರಿಯಲ್ಲಿದ್ದಾನೆ, ಅವನ ಹತ್ತಿರ ಬೆಲ್ಲ ಇದೆ, ಬೆಲ್ಲ ಕೇಳುತ್ತಿರುವವನು ರಾಜಾಜಿನಗರದಲ್ಲಿ ಬಟ್ಟೆ ಇಟ್ಟುಕೊಂಡು ಕೂತಿದ್ದಾನೆ ಎಂದು ಎಕ್ಸ್‌ಚೇಂಜಿನಲ್ಲಿ ಲೈನು ಜೋಡಿಸುತ್ತಿದ್ದ ಹಾಗೆ ಜೋಡಿಸಿಬಿಡುತ್ತಿದ್ದರು. ಭಾನುವಾರ ದರ್ಶಿನಿಯ ಎತ್ತರದ ಟೇಬಲ್ಲಿನ ಮೇಲೆ ಚಟ್ನಿ ಬಟ್ಟಲಿನ ಪಕ್ಕದಲ್ಲೇ ನಾಲ್ಕು ಜನರ ಸಾಮಾನು ಕೈ ಬದಲಾಗಿ, ನಾಲ್ವರೂ ತಾನೇ ಗೆದ್ದೆ ಎಂಬ ಮುಖ ಹೊತ್ತು ಹೋಗುವುದನ್ನು ಕಣ್ಣಾರೆ ನೋಡಿದ್ದೇನೆ.

ಅದಕ್ಕೆಲ್ಲ ಅವರದೇ ಕ್ರಮಗಳಿದ್ದವು. ರೇಡಿಯೋದಲ್ಲಿ ಮಾತಾಡುವಾಗ ವ್ಯಾಪಾರದ ಮಾತು ಎತ್ತಬಾರದೆಂಬುದು ಹವ್ಯಾಸದ ನಿಯಮ. ಯಾರಾದರೂ ಬಾಯಿ ತಪ್ಪಿ "ಎಷ್ಟಕ್ಕೆ ಕೊಡ್ತೀರ ಮೇಡಂ?" ಅಂದರೆ, "ಗಾಳೀಲಿ ಬೇಡ, ಫೋನ್‌ಗೆ ಬನ್ನಿ" ಎಂದು ಮೈಕ್ ಇಟ್ಟು, ಫೋನ್ ಹುಡುಕಿಕೊಂಡು ಅಡುಗೆಮನೆಗೆ ಓಡುತ್ತಿದ್ದರು. ಲೈಸೆನ್ಸ್ ಇಲ್ಲದವರಿಗೆ ಒಂದು ಸ್ಕ್ರೂ ಕೂಡ ಕೊಡುತ್ತಿರಲಿಲ್ಲ. ಒಮ್ಮೆ ಬಸವೇಶ್ವರನಗರದಿಂದ ಒಬ್ಬರು ಕಾರಿನಲ್ಲಿ ಬಂದು, ಮದುವೆ ಮನೆಗಳ ಏರ್ಪಾಡಿಗೆ ಬೇಕು ಎಂದು ಎರಡು ಕೈಸೆಟ್ ಕೇಳಿದರು; ಬಾಯಿಗೆ ಬಂದ ರೇಟು ಕೊಡಲು ತಯಾರಿದ್ದರು. ಮೇಡಂ ಅವರಿಗೆ ಕಾಫಿ ಕೊಟ್ಟು, ಹ್ಯಾಮ್ ಪರೀಕ್ಷೆಗೆ ಏನೇನು ಓದಬೇಕು ಎಂದು ಹೇಳಿ ಕಳಿಸಿದರು. ಆ ಮನುಷ್ಯ ಮೆಟ್ಟಿಲಿಳಿಯುತ್ತಾ, "ದುಡ್ಡು ಬೇಡ ಅನ್ನೋ ಅಂಗಡಿ ಇವತ್ತೇ ನೋಡಿದ್ದು" ಎಂದು ಗೊಣಗಿದ್ದು ನನಗೆ ಕೇಳಿಸಿತು. ಮೇಡಂಗೂ ಕೇಳಿಸಿತು. "ಅಂಗಡಿ ಅಲ್ಲ ಸಾರ್, ಮನೆ" ಅಂದರು. ಆ ಕಾರಿನವರು ಮುಂದಿನ ವರ್ಷ ಲೈಸೆನ್ಸ್ ತೆಗೆದುಕೊಂಡೇ ಬಂದರು. ಮೇಡಂ ಆ ಎರಡು ಸೆಟ್ಟನ್ನು ಮದುವೆ ಮನೆಗಳಿಗೆ ಬಳಸುವುದಿಲ್ಲ ಎಂದು ಮಾತು ತೆಗೆದುಕೊಂಡು, ಸ್ನೇಹಿತರಿಗೆ ಹೇಳುವ ಬೆಲೆಗೇ ಕೊಟ್ಟರು.

ಇನ್ನೊಂದು ಕ್ರಮವೇ ಅವರದು ಅಂದರೆ ಅವರದು. ಕಿವಿಯಾರೆ ಕೇಳದೆ ಏನನ್ನೂ ಕೊಳ್ಳುತ್ತಿರಲಿಲ್ಲ. ಹೊಳೆಯುವ ಪೆಟ್ಟಿಗೆ ತೋರಿಸಿದರೆ ಅವರ ಮೊದಲ ಪ್ರಶ್ನೆ, "ಇದು ಕೊನೇಲಿ ಯಾರ ಹತ್ರ ಮಾತಾಡ್ತು?" ಸೆಟ್ ಆಗಲಿ, ಆಂಟೆನಾ ಆಗಲಿ, ಇದ್ದ ಜಾಗದಲ್ಲೇ ಅದನ್ನು ಜೋಡಿಸಿ, ದೂರದ ಒಂದು ದನಿ ಅದರಲ್ಲಿ ಕೇಳಿದ ಮೇಲೆಯೇ "ಆಯ್ತು, ನಂದು" ಅನ್ನುತ್ತಿದ್ದರು. ಆ ಎರಡು ಪದ ಆದಮೇಲೆ ವಸ್ತು ಅವರದೇ. ತರುವಾಗ ಬಿದ್ದರೂ, ಮಳೆಯಲ್ಲಿ ನೆನೆದರೂ, ಮನೆಗೆ ಬಂದ ಮೇಲೆ ಹೊಗೆ ಬಂದರೂ ಕೊಟ್ಟವರ ಮೇಲೆ ಒಂದು ಮಾತಿಲ್ಲ.

ಹೀಗೆ ಬಂದು ಹೋಗುವ ಸಾಮಾನಿನ ನಡುವೆ ಹೋಗದೇ ಉಳಿದಿದ್ದು ಒಂದೇ. ಊಟದ ಡಬ್ಬಿಯಷ್ಟೇ ಇರುವ ಪುಟ್ಟ ಸೆಟ್. ಅದಕ್ಕೆ 'ಪುಟಾಣಿ' ಎಂದು ಹೆಸರಿಟ್ಟಿದ್ದರು. ಕೆಟ್ಟುಹೋದ ಒಂದು ಟೇಪ್ ರೆಕಾರ್ಡರಿನಿಂದ ಶುರುವಾದ ಅದಲುಬದಲು ಎಷ್ಟೋ ಕೈ ಸುತ್ತಿ ಪುಟಾಣಿಗೆ ಬಂದು ನಿಂತಿತ್ತು. ತಾರಸಿಯಲ್ಲಿ ಬಟ್ಟೆ ಒಣಹಾಕುವ ಹಗ್ಗದ ಪಕ್ಕ ಒಂದು ತಂತಿ ಎಳೆದು, ಕುರ್ಚಿ ಹಾಕಿಕೊಂಡು, ಪುಟಾಣಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರೆಂದರೆ ಯಾವುದೋ ದೇಶದವನು ಅವರಿಗೆ ತನ್ನ ಮೊಣಕಾಲು ನೋವಿನ ಕತೆ ಹೇಳುತ್ತಿರುತ್ತಿದ್ದ. ಬಳಗದಲ್ಲಿ ಅದಕ್ಕೆ ಕಣ್ಣು ಹಾಕದವರಿರಲಿಲ್ಲ. "ಅದೊಂದು ಬಿಟ್ಟು ಬೇರೆ ಕೇಳಿ" ಎನ್ನುವುದು ಎಲ್ಲರಿಗೂ ಸಿಗುತ್ತಿದ್ದ ಒಂದೇ ಉತ್ತರ.

ಅವರಿಗೆ ಕೊರತೆ ಇದ್ದದ್ದು ಒಳ್ಳೆಯ ಆಂಟೆನಾದ್ದು. "ಮನೇಲಿರೋ ಸೆಟ್‌ಗಳೆಲ್ಲ ಬಾಯಿ ಮೇಷ್ಟ್ರೇ. ನಂಗೆ ಬೇಕಾಗಿರೋದು ಕಿವಿ" ಅನ್ನುತ್ತಿದ್ದರು. ಅನ್ನಪೂರ್ಣೇಶ್ವರಿ ನಗರದಲ್ಲಿ ಬಳಗದ ಒಬ್ಬ ಹಲ್ಲಿನ ಡಾಕ್ಟರಿದ್ದರು. ಅವರ ಮನೆಯ ಮೇಲೆ ಅಂಥ ಒಂದು ಕಿವಿ ಇತ್ತು: ಅಲ್ಯೂಮಿನಿಯಂ ಕೊಳವೆಯ ನಡುದಂಡ, ಅದಕ್ಕೆ ಅಡ್ಡಲಾಗಿ ಮೂರು ಉದ್ದದ ಕೈಗಳು. ಬೇಕಾದ ದಿಕ್ಕಿಗೆ ತಿರುಗಿಸಬಹುದು. ಆ ದಿಕ್ಕಿನ ಪಿಸುಮಾತೂ ಕೇಳುತ್ತದೆ. ಮೇಡಂ ವರ್ಷಗಳಿಂದ ಅದನ್ನು ಕೇಳುತ್ತಿದ್ದರು, ಡಾಕ್ಟರು ವರ್ಷಗಳಿಂದ ನಗುತ್ತಿದ್ದರು. ಕೊನೆಗೆ ಡಾಕ್ಟರು ಮನೆ ಬಿಟ್ಟು ಫ್ಲಾಟಿಗೆ ಹೋಗುವುದಾಯಿತು. ಫ್ಲಾಟಿನ ಸಂಘದವರು ಮೇಲೆ ಏನೂ ನಿಲ್ಲಿಸಬಾರದು ಎಂದರು. ಡಾಕ್ಟರಿಗೆ ಈಗ ಬೇಕಾದದ್ದು ಬಾಲ್ಕನಿಯಲ್ಲಿ ಕೂತು ಮಾತಾಡುವಂಥ ಪುಟ್ಟ ಸೆಟ್.

"ಪುಟಾಣಿ ಕೊಟ್ರೆ ಆಂಟೆನಾ ನಿಮ್ದು ಮೇಡಂ. ಬೇರೆ ಏನೂ ಬೇಡ."

ಆ ವಾರ ಮೇಡಂ ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ. ಒಂದು ಸಂಜೆ ಮಹಡಿಗೆ ಬಂದು ನನ್ನ ಕುರ್ಚಿಯಲ್ಲಿ ಕೂತು, "ನಿಮ್ಮ ಪುಸ್ತಕದಲ್ಲಿ ಇದಕ್ಕೇನಾದ್ರೂ ಇದೆಯಾ?" ಎಂದು ಕೇಳಿದರು. ನಾನು ಉತ್ಸಾಹದಿಂದ, ನಾವು ಆರಿಸಿಕೊಂಡಿದ್ದರ ನಿಜವಾದ ಬೆಲೆ ಅದಕ್ಕಾಗಿ ಬಿಟ್ಟುಕೊಟ್ಟದ್ದರಲ್ಲಿದೆ ಎಂದು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಇದಕ್ಕೆ ಎಂ.ಎ. ಮಾಡ್ಬೇಕಿತ್ತಾ? ಕೆಳಗಡೆ ನಮ್ಮೆಜಮಾನ್ರು ದಿನಾ ಇದನ್ನೇ ಹೇಳ್ತಾರೆ" ಅಂದರು. ಮೆಟ್ಟಿಲ ಬಳಿ ನಿಂತು, "ಭಾನುವಾರ ಬಿಡುವಾಗಿದೀರಾ? ಒಂದು ಕೈ ಬೇಕು" ಎಂದು ಸೇರಿಸಿದರು. ಹಾಗೆ ನಾನು ಅವರ ಜೊತೆ ಹೋದೆ.

ಡಾಕ್ಟರ ಮನೆಯದು ಅಗಲವಲ್ಲದ ರಸ್ತೆ. ತಾರಸಿಯ ಪ್ಯಾರಪೆಟ್ಟಿನಾಚೆ, ಅದಕ್ಕಿಂತ ಸ್ವಲ್ಪ ಮೇಲೆ, ಹೈಟೆನ್ಶನ್ ಲೈನಿನ ಮೂರು ತಂತಿಗಳು ರಸ್ತೆಯುದ್ದಕ್ಕೂ ಹಾದು ಹೋಗಿದ್ದವು. ಮೆಟ್ಟಿಲು ಹತ್ತಿದ ಕೂಡಲೇ ಮೇಡಂ ನೋಡಿದ್ದು ಆಂಟೆನಾವನ್ನಲ್ಲ, ಆ ತಂತಿಗಳನ್ನು. ಇದನ್ನು ಒತ್ತಿ ಬರೆಯಬೇಕು. "ಡಾಕ್ಟ್ರೇ, ಲೈನ್ ಹತ್ರಾನೇ ಇದೆಯಲ್ರೀ" ಅಂದರು. ಡಾಕ್ಟರು ಆಂಟೆನಾ ತೋರಿಸಿದರು. ಅದರ ಉದ್ದದ ಕೈಗಳು ರಸ್ತೆಗೆ ಸಮಾನಾಂತರವಾಗಿದ್ದವು. ತುದಿಗಳು ಪಕ್ಕದ ಮನೆಗಳ ಕಡೆಗಿದ್ದವು, ರಸ್ತೆಯ ಕಡೆಗಲ್ಲ. "ಹಿಂಗೇ ಇಟ್ಟು ಇಳಿಸಿದ್ರೆ ಲೈನಿಗೂ ಇದಕ್ಕೂ ಸಂಬಂಧಾನೇ ಇಲ್ಲ ಮೇಡಂ." ಮೇಡಂ ಕಣ್ಣಳತೆ ಹಾಕಿ ಒಪ್ಪಿದರು.

ಒಪ್ಪಿ, ನೇರ ಬಿಚ್ಚಲು ಹೇಳಬಹುದಿತ್ತು. "ಕೇಳದೆ ಹೆಂಗೆ ತಗೊಳ್ಳೋದು?" ಅಂದರು.

ಡಾಕ್ಟರು ನಕ್ಕು ಮೆಟ್ಟಿಲಮನೆಯ ಸೂರಿನ ಮೇಲೆ ಹತ್ತಿದರು. ಆಂಟೆನಾದ ಕಂಬ ಅಲ್ಲೇ ನಿಂತಿತ್ತು. ಮೇಡಂ ಚೀಲದಿಂದ ಪುಟಾಣಿಯನ್ನು ತೆಗೆದು ಕೇಬಲ್ ಸಿಕ್ಕಿಸಿದರು. ಮೊದಲು ಬರೀ ಕೊರಕೊರ ಸದ್ದು. "ತಿರುಗ್ಸಿ ಡಾಕ್ಟ್ರೇ... ಇನ್ನೂ ಸ್ವಲ್ಪ... ಇನ್ನೂ." ಡಾಕ್ಟರು ಕಂಬವನ್ನು ಅಪ್ಪಿಕೊಂಡು ತಿರುಗಿಸುತ್ತಾ ಹೋದರು. ಸಟ್ಟನೆ ಒಂದು ದನಿ ಎದ್ದು ಬಂತು. ಯಾರೋ ವಯಸ್ಸಾದವನು, ನಮಗೆ ಪರಿಚಯವಿಲ್ಲದ ಧಾಟಿಯ ಇಂಗ್ಲಿಷಿನಲ್ಲಿ, ತನ್ನೂರಲ್ಲಿ ಗಾಳಿ ಜೋರು, ಹೆಂಡತಿ ಸೂಪು ಮಾಡುತ್ತಿದ್ದಾಳೆ ಎನ್ನುತ್ತಿದ್ದ. ಪಕ್ಕದಲ್ಲಿ ಕೂತು ಹೇಳಿದಷ್ಟು ಸ್ಪಷ್ಟ. ಮೇಡಂ ತಮ್ಮ ಲೈಸೆನ್ಸಿನ ಕರೆಗುರುತು ಹೇಳಿದರು. ಆತ ಮಾತು ನಿಲ್ಲಿಸಿ, ಇಂಡಿಯಾದ ಈ ಅಮ್ಮನ ದನಿ ಎಷ್ಟು ಜೋರಾಗಿ ಬರುತ್ತಿದೆ ಎಂದು ಬೆರಗುಪಟ್ಟ. ಮೇಡಂ ಅವನಿಗೆ ವಂದನೆ ಹೇಳಿ, ಮೈಕ್ ಇಟ್ಟು, ತಲೆಯೆತ್ತಿದರು. ಅಷ್ಟು ಎಳೆಯ ಮುಖವನ್ನು ಅವರಲ್ಲಿ ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

"ಆಯ್ತು. ನಂದು."

"ನಿಮ್ದೇ" ಅಂದರು ಡಾಕ್ಟರು.

ಆ ಖುಷಿಯಲ್ಲಿ ಒಂದು ಕೆಲಸ ಉಳಿಯಿತು. ಆಂಟೆನಾ ಯಾವ ದಿಕ್ಕಿಗೆ ಮುಖ ಮಾಡುತ್ತದೋ ಅದಕ್ಕೆ ಅಡ್ಡಡ್ಡವಾಗಿ ಅದರ ಕೈಗಳಿರುತ್ತವೆ. ಆ ಮುದುಕನ ದನಿ ಹುಡುಕುತ್ತಾ ತಿರುಗಿಸಿದ್ದರಿಂದ ಅವುಗಳ ತುದಿ ಈಗ ರಸ್ತೆಯ ಕಡೆಗಿತ್ತು. ಅದನ್ನು ಮೊದಲಿನಂತೆ ತಿರುಗಿಸಿಟ್ಟು ಬಿಚ್ಚಬೇಕಿತ್ತು. ಇಬ್ಬರೂ ಬಲ್ಲವರು. ಇಬ್ಬರ ಕಿವಿಯಲ್ಲೂ ಇನ್ನೂ ಆ ದನಿ ಇತ್ತು. ತಿರುಗಿಸಲಿಲ್ಲ.

ಡಾಕ್ಟರು ಮೇಲೆ ಬೋಲ್ಟ್ ಸಡಿಲಿಸಿದರು. ಕಂಬದ ತುದಿಗೆ ಕಟ್ಟಿದ್ದ ರಾಟೆಯ ಮೇಲಿಂದ ಬಂದ ಹಗ್ಗದಲ್ಲಿ ಆಂಟೆನಾ ತೂಗಿತು. ಹಗ್ಗದ ಇನ್ನೊಂದು ತುದಿ ಕೆಳಗೆ ಮೇಡಂ ಕೈಯಲ್ಲಿ. ಅವರು ಮೆಲ್ಲಗೆ ಬಿಡುತ್ತಾ ಬರುವುದು, ನಾನು ಕೆಳಗೆ ಬಂದ ಆಂಟೆನಾದ ಕೈಯೊಂದನ್ನು ಹಿಡಿದು ಮೆತ್ತಗೆ ತಾರಸಿಗೆ ಇಳಿಸುವುದು, ಹೀಗೆ ಮಾತಾಗಿತ್ತು. ನನ್ನ ಕಡೆಯ ತುದಿ ಎಟುಕಿತು. ಹಿಡಿದೆ. ತಣ್ಣನೆಯ ಕೊಳವೆ, ಬಹಳ ಹಗುರ. ನನ್ನ ಕಣ್ಣು ನನ್ನ ಕೈಯ ಮೇಲಿತ್ತು. ಡಾಕ್ಟರ ಕಣ್ಣು ಗಂಟಿನ ಮೇಲಿತ್ತು. ಆಗ ಗಾಳಿ ಬೀಸಿತು. ಜೋರೇನಲ್ಲ, ಒಣಗಲು ಹಾಕಿದ ಬಟ್ಟೆ ಅಲ್ಲಾಡುವಷ್ಟು. ನೇತಾಡುತ್ತಿದ್ದ ಆಂಟೆನಾ ತೇಲಿಕೊಂಡು ರಸ್ತೆಯ ಕಡೆ ಸರಿಯಿತು. ನಾನು ಹಿಡಿದಿದ್ದ ಕೊಳವೆಯ ಆಚೆ ತುದಿ ಪ್ಯಾರಪೆಟ್ ದಾಟಿತು.

"ಮೇಷ್ಟ್ರೇ, ಕೈ ಬಿಡಿ."

ಕೇಳಿಸಿತು. ಆದರೆ ಅವರು ವರ್ಷಗಟ್ಟಲೆ ಆಸೆಪಟ್ಟ ವಸ್ತು ಬಿದ್ದುಹೋಗುತ್ತಿದೆ ಎಂದಷ್ಟೇ ನನಗೆ ಅರ್ಥವಾದದ್ದು. ಇನ್ನೂ ಗಟ್ಟಿಯಾಗಿ ಹಿಡಿದೆ.

ಹಗ್ಗ ಬಿಗಿಯಾಗಿರುವಷ್ಟು ಹೊತ್ತೂ ಆಂಟೆನಾ ಆ ಎತ್ತರದಲ್ಲೇ ತಂತಿಯತ್ತ ತೇಲುತ್ತಿತ್ತು. ಹಗ್ಗ ಬಿಟ್ಟರೆ ಇದ್ದಲ್ಲೇ ನೆಟ್ಟಗೆ ಬಿದ್ದು ಮುರಿಯುತ್ತಿತ್ತು. ಮೇಡಂ ಹಗ್ಗ ಬಿಟ್ಟರು. ನಿಧಾನಿಸಲಿಲ್ಲ, ಅರ್ಧ ಬಿಟ್ಟು ಅರ್ಧ ಹಿಡಿಯಲಿಲ್ಲ. ಹತ್ತು ಬೆರಳನ್ನೂ ಬಿಡಿಸಿಬಿಟ್ಟರು.

ಕೊಳವೆ ನನ್ನ ಕೈಯಿಂದ ಕಿತ್ತುಕೊಂಡು ಹೋಯಿತು. ಪ್ಯಾರಪೆಟ್ಟಿನ ಅಂಚಿಗೆ ಬಡಿದು ಎರಡಾಯಿತು. ಒಂದು ತುಂಡು ಕೆಳಗೆ ಯಾರೋ ಮನೆ ಕಟ್ಟಿಸಲು ಸುರಿಸಿದ್ದ ಮರಳಿನ ಮೇಲೆ ಬಿತ್ತು. ಉಳಿದದ್ದು ತಾರಸಿಯ ಮೇಲೆ ಮುರಿದ ಛತ್ರಿಯ ಹಾಗೆ ಮುದುರಿಕೊಂಡಿತು. ತಂತಿಗೂ ಕೊಳವೆಯ ತುದಿಗೂ ಒಂದು ಮೊಳ ಉಳಿದಿತ್ತು ಎಂದು ಮೇಲಿದ್ದ ಡಾಕ್ಟರು ಆಮೇಲೆ ಹೇಳಿದರು. ಹೇಳುವಾಗ ತಮ್ಮ ಮೊಣಕೈಯಿಂದ ಬೆರಳ ತುದಿವರೆಗೆ ತೋರಿಸಿ, ಆ ಕೈಯನ್ನು ಮತ್ತೆ ಕೆಳಗಿಳಿಸಲು ಮರೆತರು.

ಎಷ್ಟೋ ಸಲ ಕಣ್ಣು ಮುಚ್ಚಿದಾಗ ನನಗೆ ಆ ಒಂದು ಮೊಳ ಕಾಣುತ್ತದೆ. ಆ ಮೊಳದಾಚೆ ಏನಿತ್ತು ಎಂದು ಯೋಚಿಸುತ್ತೇನೆ, ನನ್ನ ಅಂಗೈಯಲ್ಲಿದ್ದ ತಣ್ಣನೆಯ ಲೋಹ ನೆನಪಾಗುತ್ತದೆ, ಎದ್ದು ನೀರು ಕುಡಿಯುತ್ತೇನೆ. ಆದರೆ ಅದರ ಹಿಂದೆಯೇ ಬೆರಳು ಬಿಡಿಸಿದ ಆ ಎರಡು ಕೈಗಳೂ ಕಾಣುತ್ತವೆ. ಆ ಗಳಿಗೆಯಲ್ಲಿ ಮೇಡಂ ಬೀಳುತ್ತಿದ್ದ ಆಂಟೆನಾವನ್ನು ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದರು.

ಹತ್ತಿರ ಬಂದು ನನ್ನ ಕೈ ಹಿಡಿದು, ಮಗುವಿನ ಕೈ ನೋಡುವ ಹಾಗೆ ತಿರುಗಿಸಿ ತಿರುಗಿಸಿ ನೋಡಿದರು. "ಏನೂ ಆಗ್ಲಿಲ್ಲ ಅಲ್ವಾ? ಮಾತಾಡಿ."

ನಾನು ಪ್ಯಾರಪೆಟ್ಟಿನಾಚೆಯ ತಂತಿಗಳನ್ನೇ ನೋಡುತ್ತಿದ್ದೆ.

"ಮಾತಾಡಿ ಅಂದ್ನಲ್ಲ ಮೇಷ್ಟ್ರೇ."

"ಆಂಟೆನಾ..." ಅಂದೆ.

"ಅದರ ಮನೆ ಹಾಳಾಗ್ಲಿ. ನೀವು ಕೂತ್ಕೊಳ್ಳಿ."

ಡಾಕ್ಟರು ಇಳಿದು ಬಂದು ನಮ್ಮಿಬ್ಬರಿಗೂ ನೀರು ಕೊಟ್ಟರು. ಮೂವರೂ ತಾರಸಿಯ ನೆಲದ ಮೇಲೆ ಕೂತೆವು. ಆಮೇಲೆ ಡಾಕ್ಟರು ಪುಟಾಣಿಯನ್ನು ತಂದು ಮೇಡಂ ಚೀಲದ ಪಕ್ಕ ಇಟ್ಟರು. "ವಾಪಸ್ ತಗೊಂಡ್ ಹೋಗಿ ಮೇಡಂ. ನನ್ನ ಮನೆ ಮೇಲೆ ಆಗಿದ್ದು. ಮುರಿದಿದ್ದನ್ನ ಕೊಟ್ಟು ನಿಮ್ಮ ಸೆಟ್ ಇಟ್ಕೊಂಡ್ರೆ ನಂಗೆ ನಿದ್ದೆ ಬರಲ್ಲ."

"ತಿರುಗ್ಸಿ ಅಂತ ಹೇಳಿದ್ಯಾರು?"

"ತಿರುಗ್ಸಿದ್ದು ನಾನಲ್ವಾ?"

"ಡಾಕ್ಟ್ರೇ, ಕೇಳಿ ಆಯ್ತು, ನಂದು ಅಂದಾಯ್ತು. ಮುರಿದಿದ್ದು ನನ್ನ ಆಂಟೆನಾ. ನಿಮ್ಮ ಸೆಟ್ ಯಾಕೆ ನನ್ನ ಚೀಲದ ಹತ್ರ ಇಡ್ತಾ ಇದೀರ?"

ಡಾಕ್ಟರು ಇನ್ನೊಮ್ಮೆ ಬಾಯಿ ತೆರೆದರು. ಮೇಡಂ ಪುಟಾಣಿಯನ್ನು ಎರಡು ಕೈಯಲ್ಲಿ ಎತ್ತಿ ಅವರ ಮಡಿಲಲ್ಲಿಟ್ಟು, ಅದರ ಮೂಲೆಯಲ್ಲಿದ್ದ ಧೂಳನ್ನು ದುಪಟ್ಟಾದಲ್ಲಿ ಒರೆಸಿ, "ಚಾರ್ಜಿಗೆ ಜಾಸ್ತಿ ಹೊತ್ತು ಹಾಕ್ಬೇಡಿ, ಬಿಸಿ ಆಗತ್ತೆ" ಅಂದರು. ವಾಪಸು ಬರುವಾಗ ಆಟೋದ ಹಿಂದೆ ಬಾಗಿದ ಕೊಳವೆಗಳು. ಆಟೋದವನು, "ಏನ್ ಮೇಡಂ, ಗುಜರಿನಾ?" ಎಂದು ಕೇಳಿದ. "ಹೂಂನಪ್ಪ, ಇವತ್ತೇ ಕೊಂಡಿದ್ದು" ಅಂದರು. ಮನೆ ತಲುಪುವವರೆಗೆ ನನ್ನ ಮೊಣಕೈಯನ್ನು ಅವರು ಬಿಡಲಿಲ್ಲ.

ಮನೆಯಲ್ಲಿ ಮಾತ್ರ ಅವರು ಏನೂ ಹೇಳಿರಲಿಲ್ಲ. ಅವರ ಯಜಮಾನರಿಗೆ ಗೊತ್ತಾದದ್ದು ಮುಂದಿನ ಭಾನುವಾರ, ರೇಡಿಯೋದಿಂದ. ಬೆಳಗಿನ ಮಾತುಕತೆಯಲ್ಲಿ ತಮ್ಮ ಸರದಿ ಬಂದಾಗ ಮೇಡಂ ನೆಟ್ಟಗೆ ಕೂತು, ಬಳಗದವರಷ್ಟೇ ಅಲ್ಲ, ಆ ಬ್ಯಾಂಡಿಗೆ ಕಿವಿ ಕೊಟ್ಟ ಯಾರಿಗಾದರೂ ಕೇಳುವಂತೆ ಹೇಳಿದರು. ಹೊಸಬರಿಗೆ ಆಂಟೆನಾ ಪಾಠ ಹೇಳುತ್ತಿದ್ದವರೇ ಅವರು. "ತಪ್ಪು ನಂದು. ಲೈನ್ ಇರೋದು ನೋಡಿದ್ದೆ. ಕೇಳೋ ಆಸೆಗೆ ತಿರುಗಿಸ್ದೆ, ವಾಪಸ್ ತಿರುಗಿಸ್ಲಿಲ್ಲ. ನಮ್ಮ ಮೇಷ್ಟ್ರು ಕೈಯಲ್ಲಿ ಇನ್ನೊಂದು ತುದಿ ಇತ್ತು. ಒಂದು ಮೊಳದಲ್ಲಿ ಉಳ್ಕೊಂಡ್ರು. ಎಲ್ರೂ ಬರ್ಕೊಳಿ: ಕಣ್ಣು ಆಂಟೆನಾ ಮೇಲೆ ಹೋಗುತ್ತೆ, ಹೋಗೇ ಹೋಗುತ್ತೆ, ನನ್ನದೂ ಹೋಯ್ತು. ಅದಕ್ಕೇ ಇನ್ಮೇಲೆ ಲೈನ್ ನೋಡೋಕ್ಕೇ ಅಂತ ಒಬ್ರು ಬೇರೆ ಇರ್ಬೇಕು. ಅವರು ಬೇರೆ ಯಾವ ಕೆಲ್ಸಕ್ಕೂ ಕೈ ಹಾಕ್ಬಾರ್ದು."

ಕೋಣೆಯ ಬಾಗಿಲಲ್ಲಿ ನಾನು ನಿಂತಿದ್ದೆ, ನನ್ನ ಹಿಂದೆ ಯಜಮಾನರು. ಅಷ್ಟು ದಿನದ ಮೇಡಂ ಹೆಸರು, ಅವರ ಮಾತಿಗಿದ್ದ ತೂಕ, ಎಲ್ಲವನ್ನೂ ಹೀಗೆ ಗಾಳಿಗಿಟ್ಟರೂ ಅವರು ಕಡಿಮೆಯಾಗಲಿಲ್ಲ. ನನಗೆ ಎದೆಯುಬ್ಬಿ ಬಂತು. ನಾನೇನೋ ಸಾಧಿಸಿದ ಹಾಗೆ. ಯಜಮಾನರು, "ಕಾಫಿ ಮಾಡ್ತೀನಿ. ಮೇಷ್ಟ್ರೇ, ನೀವೂ ಇಲ್ಲೇ ಕುಡಿದು ಹೋಗಿ" ಎಂದು ಒಳಗೆ ಹೋದರು. ಆ ಬಾಗಿದ ಕೊಳವೆಗಳನ್ನು ಮನೆಯೊಳಗೆ ತರಲು ಏನು ಹೊರಗೆ ಹೋಯಿತು ಎಂದು ಅವರು ಯಾವತ್ತೂ ಕೇಳಲಿಲ್ಲ.

ಮೇಡಂ ತಿಂಗಳುಗಟ್ಟಲೆ ಕೂತು ಆಂಟೆನಾ ರಿಪೇರಿ ಮಾಡಿದರು. ಮುರಿದ ಕಡೆ ಒಳಗೆ ಇನ್ನೊಂದು ಕೊಳವೆ ತೂರಿಸಿ, ಬಾಗಿದ್ದನ್ನು ನೇರ ಮಾಡಿ, ಬೇಕಾದ ಕ್ಲಾಂಪಿಗೆ ರಾಜಾಜಿನಗರದ ಒಬ್ಬರಿಗೆ ಮೈಕ್ ಕೊಟ್ಟು. ಏರಿಸುವ ದಿನ ಬಳಗದವರು ನಾಲ್ಕು ಜನ ನಮ್ಮ ತಾರಸಿಗೆ ಬಂದರು, ಡಾಕ್ಟರೂ ಬಂದರು. ನಾನು ಕೋಣೆಯಿಂದ ಹೊರಗೆ ಬಂದಿರಲಿಲ್ಲ. ಮೇಡಂ ಬಂದು ಬಾಗಿಲು ತಟ್ಟಿದರು.

"ಬನ್ನಿ ಮೇಷ್ಟ್ರೇ."

"ನನ್ನ ಕೈಲಾಗಲ್ಲ ಮೇಡಂ. ಲೈನ್ ಕಂಡ್ರೆ ಕೈಕಾಲು ತಣ್ಣಗಾಗುತ್ತೆ. ರಸ್ತೆಲಿ ಹೋಗ್ತಾ ಕೂಡ ಬರೀ ಲೈನೇ ನೋಡ್ತಾ ಇರ್ತೀನಿ."

"ಅದಕ್ಕೇ ಕರೀತಿರೋದು. ಪೈಪ್ ಹಿಡಿಯೋಕೆ ನಾಲ್ಕು ಜನ ಇದಾರೆ. ಲೈನ್ ನೋಡೋಕೆ ನಿಮ್ಮಷ್ಟು ಚೆನ್ನಾಗಿ ಇನ್ಯಾರು ನೋಡ್ತಾರೆ?"

ನನ್ನನ್ನು ಪ್ಯಾರಪೆಟ್ ಬಳಿ ರಸ್ತೆಗೆ ಮುಖ ಮಾಡಿ ನಿಲ್ಲಿಸಿದರು. ಕೈ ಕಟ್ಟಿಕೊಳ್ಳಲು ಹೇಳಿದರು. ಆಮೇಲೆ ಎಲ್ಲರ ಕಡೆ ತಿರುಗಿ, "ಇವರು ನಿಲ್ಸಿ ಅಂದ್ರೆ ನಿಲ್ಸೋದು. ಯಾಕೆ ಅಂತ ಕೇಳ್ಬಾರ್ದು. ನಾನೂ ಕೇಳಲ್ಲ" ಅಂದರು. ನಾನು ಎರಡು ಸಲ ನಿಲ್ಲಿಸಿ ಅಂದೆ. ಎರಡು ಸಲವೂ ಅನಗತ್ಯವಾಗಿತ್ತು ಎಂದು ಈಗ ಗೊತ್ತು. ಎರಡು ಸಲವೂ ಎಲ್ಲರೂ ಇದ್ದಲ್ಲೇ ನಿಂತರು, ಮೇಡಂ ಮೊದಲು.

ಅಲ್ಲಿಂದ ಮುಂದೆ ಕೆಂಗೇರಿಯಿಂದ ರಾಜಾಜಿನಗರದವರೆಗೆ ಯಾರ ಮನೆಯಲ್ಲಿ ಆಂಟೆನಾ ಏರಿದರೂ ಮೇಡಂ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. "ಇವರು ನಮ್ಮ ಲೈನ್ ನೋಡೋರು" ಎಂದು ಪರಿಚಯಿಸುತ್ತಿದ್ದರು, ಹೈಕೋರ್ಟಿನ ಜಡ್ಜನ್ನು ಪರಿಚಯಿಸುವ ಗತ್ತಿನಲ್ಲಿ. ಆ ಗತ್ತಿಗೆ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಅವರು ಹೋದ ಮೇಲೂ ಫೋನ್ ಬರುತ್ತದೆ. "ಸಾರ್, ಈ ಭಾನುವಾರ ಆಂಟೆನಾ ಏರಿಸ್ತಾ ಇದೀವಿ. ನೀವು ಬಂದ್ರೇನೇ ಶುರು ಮಾಡೋದು." ಹೋಗುತ್ತೇನೆ. ಕೈ ಕಟ್ಟಿಕೊಂಡು, ಎಲ್ಲರಿಗೂ ಬೆನ್ನು ಹಾಕಿ, ತಂತಿಗಳನ್ನು ನೋಡುತ್ತಾ ನಿಲ್ಲುತ್ತೇನೆ. ಹಿಂದೆ ಹಗ್ಗ ಎಳೆಯುವ ಸದ್ದು, ಬೋಲ್ಟ್ ಬಿಗಿಯುವ ಸದ್ದು, ಒಬ್ಬರನ್ನೊಬ್ಬರು ರೇಗಿಸುವ ಸದ್ದು ಕೇಳುತ್ತಿರುತ್ತದೆ. ಕೊನೆಗೆ ಕೊರಕೊರ ಸದ್ದಿನ ನಡುವಿನಿಂದ ಯಾವುದೋ ದೂರದ ದನಿ ಬರುತ್ತದೆ, ಎಲ್ಲರೂ ಹೋ ಎನ್ನುತ್ತಾರೆ. ಇಷ್ಟು ಆಂಟೆನಾಗಳಲ್ಲಿ ಒಂದಾದರೂ ಏರುವುದನ್ನು ನಾನು ಕಣ್ಣಿಂದ ನೋಡಿಲ್ಲ.